ಐನ್‌ಮನೆ ಅಂದ್ರೆ ಏನು, ಅಲ್ಲಿಗೆ ಹೋದ್ರೆ ಏನನ್ನ ನೋಡ್ಬೇಕು

ಕೊಡಗಿಗೆ ಹೋಗಿ ಬಂದೋರನ್ನ ಐನ್‌ಮನೆ ನೋಡಿದ್ರಾ ಅಂತ ಕೇಳಿ, ಹೂಂ ಅಂತಾನೇ ಹೇಳ್ತಾರೆ, ಆಮೇಲೆ ಫೋನ್ ತೆಗೆದು ಫೋಟೋ ತೋರಿಸಿದ್ರೆ ಅದು ಯಾವ್ದೋ ಎಸ್ಟೇಟ್ ಬಂಗಲೆ ಆಗಿರತ್ತೆ, ಕೆಂಪು ಹೆಂಚು, ಬಿಳಿ ಕಂಬ, ಮುಂದೆ ಗುಲಾಬಿ ಗಿಡ, ಹಿಂದೆ ಸ್ವಿಮ್ಮಿಂಗ್ ಪೂಲ್. ಚೆನ್ನಾಗೇ ಇರತ್ತೆ, ಬೇಡ ಅನ್ನಲ್ಲ. ಆದ್ರೆ ಅದು ಐನ್‌ಮನೆ ಅಲ್ಲ. ಮಡಿಕೇರಿಯ ಸನ್ನಿ ಸೈಡ್, ಅಂದ್ರೆ 2021ರಲ್ಲಿ ಮ್ಯೂಸಿಯಂ ಆಗಿ ಓಪನ್ ಆದ ಜನರಲ್ ತಿಮ್ಮಯ್ಯನವರ ಮನೆ, ಅದೂ ಐನ್‌ಮನೆ ಅಲ್ಲ. ಕಕ್ಕಬ್ಬೆ ಹತ್ರ ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ ನಾಲ್ಕುನಾಡು ಅರಮನೆ ಅಂತೂ ಹೆಸರೇ ಹೇಳೋ ಹಾಗೆ ರಾಜನದ್ದು. ಬಂಗಲೆಗೆ ಒಬ್ಬ ಓನರ್ ಇರ್ತಾನೆ, ಅರಮನೆಗೆ ಒಬ್ಬ ರಾಜ ಇದ್ದ, ಐನ್‌ಮನೆಗೆ ಮಾತ್ರ ಹಾಗೆ ಬೆರಳು ತೋರಿಸಿ ಇವರದ್ದು ಅಂತ ಹೇಳೋಕೆ ಆಗಲ್ಲ, ಯಾಕಂದ್ರೆ ಅದು ಒಂದು ಇಡೀ ಒಕ್ಕಕ್ಕೆ, ಅಂದ್ರೆ ಕುಲಕ್ಕೆ ಸೇರಿದ ಮೂಲಮನೆ, ಮತ್ತೆ ಆ ಒಕ್ಕದಲ್ಲಿ ಬದುಕಿರೋರು ಮಾತ್ರ ಅಲ್ಲ, ತೀರಿಹೋದ ಹಿರಿಯರೂ ಮೆಂಬರುಗಳೇ. ಈ ಒಂದು ವಿಷಯ ತಲೇಲಿ ಇಟ್ಕೊಂಡ್ರೆ ಆ ಮನೇಲಿ ಕಾಣೋ ಅರ್ಧಕ್ಕರ್ಧ ವಿಚಿತ್ರಗಳಿಗೆ ಉತ್ತರ ತಾನಾಗೇ ಸಿಗತ್ತೆ.

ಒಕ್ಕ ಅಂದ್ರೆ ಒಬ್ಬ ಮೂಲಪುರುಷನಿಂದ ಗಂಡುಸಂತಾನದ ಕಡೆಯಿಂದ ಇಳಿದು ಬಂದ ಕುಲ. ಆ ಮೂಲಪುರುಷನನ್ನ ಗುರುಕಾರಣ ಅಂತಾರೆ. ಒಂದೇ ಒಕ್ಕದೊಳಗೆ ಮದುವೆ ಇಲ್ಲ. ಕೊಡವರ ಹೆಸರಲ್ಲಿ ಮೊದಲು ಬರೋದೇ ಒಕ್ಕದ ಹೆಸರು, ಆಮೇಲೆ ಅಪ್ಪನ ಹೆಸರು, ಕೊನೇಗೆ ತನ್ನ ಹೆಸರು. ಕೆ.ಎಂ. ಕಾರಿಯಪ್ಪ ಅಂದ್ರೆ ಕೊಡಂದೇರ ಮಾದಪ್ಪ ಕಾರಿಯಪ್ಪ, ಕೆ.ಎಸ್. ತಿಮ್ಮಯ್ಯ ಅಂದ್ರೆ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಎರಡೂ ಹೆಸರಲ್ಲಿ ಆ ಕೆ ಒಂದೇ, ಅಂದ್ರೆ ಭಾರತದ ಸೇನೆಯ ಇಬ್ಬರು ಮುಖ್ಯಸ್ಥರು ಒಂದೇ ಒಕ್ಕದೋರು, ಇದು ಕೊಡಗಿನ ಹೊರಗೆ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಒಕ್ಕದ ಅತಿ ಹಿರಿಯ ಗಂಡಸು ಪಟ್ಟೆದಾರ. ಅವನ ಮಾತಿಗೆ ಬೆಲೆ ಇದೆ, ಪೂಜೆ ಪುನಸ್ಕಾರದಲ್ಲಿ ಮುಂದೆ ನಿಲ್ಲೋನು ಅವನೇ, ಆದ್ರೆ ಮನೆ ಅವನ ಸ್ವಂತದ್ದಲ್ಲ, ಮಾರೋ ಹಕ್ಕಂತೂ ಇಲ್ಲ. ಇನ್ನೊಂದು ಮಾತು, ಐನ್‌ಮನೆ ಕೊಡವರಿಗೆ ಮಾತ್ರ ಇರೋದು ಅಂದ್ಕೋಬೇಡಿ, ಅರೆಭಾಷೆ ಗೌಡರ ಮನೆತನಗಳಿಗೂ ಐನ್‌ಮನೆ ಇದೆ, ಅಮ್ಮಕೊಡವ, ಹೆಗ್ಗಡೆ, ಐರಿ ಹೀಗೆ ಕೊಡವ ತಕ್ಕ್ ಮಾತಾಡೋ ಬೇರೆ ಸಮುದಾಯಗಳಿಗೂ ಇದೆ. ನಾನಿಲ್ಲಿ ಹೆಚ್ಚಾಗಿ ಕೊಡವರ ಮನೆ ಬಗ್ಗೆನೇ ಹೇಳ್ತೀನಿ.

ಮೊದಲು ಮನೆ ಎಲ್ಲಿ ಕೂತಿದೆ ಅಂತ ನೋಡಿ. ಕೊಡಗಿನ ಹಳೇ ಮನೆ ಗುಡ್ಡದ ತುದೀಲಿ ಇರಲ್ಲ, ವ್ಯೂಗೋಸ್ಕರ ಕಟ್ಟಿದ್ದಲ್ಲ ಅದು. ಕೆಳಗೆ ಕಣಿವೇಲಿ ಭತ್ತದ ಗದ್ದೆ, ಗದ್ದೆ ಅಂಚಿನಿಂದ ಸ್ವಲ್ಪ ಮೇಲೆ ಇಳಿಜಾರಲ್ಲಿ ಮನೆ, ಮನೆ ಹಿಂದೆ ಮೇಲಕ್ಕೆ ಬಾಣೆ ಅಂದ್ರೆ ಮರಗಾಡು. ಗದ್ದೆಗೆ ಸೊಪ್ಪು ಗೊಬ್ಬರ, ದನಕ್ಕೆ ಮೇವು, ಒಲೆಗೆ ಸೌದೆ, ಮನೆಗೆ ತೊಲೆ ಎಲ್ಲಾ ಬಾಣೆಯಿಂದಾನೇ ಬರ್ಬೇಕಿತ್ತು, ಅದಕ್ಕೇ ಗದ್ದೆ ಜೊತೆ ಬಾಣೆ ಅಂಟಿಕೊಂಡೇ ಬರ್ತಿತ್ತು. ಇದನ್ನ ಜಮ್ಮ ಭೂಮಿ ಅಂತಾರೆ, ಕೊಡಗನ್ನ ಆಳ್ತಿದ್ದ ಹಾಲೇರಿ ರಾಜರ ಕಾಲದಲ್ಲಿ ಸೈನಿಕ ಸೇವೆಗೆ ಬದಲಾಗಿ ವಂಶಪಾರಂಪರ್ಯವಾಗಿ ಕೊಟ್ಟದ್ದು, ಕಂದಾಯ ಕಮ್ಮಿ, ಕರೆದಾಗ ಕತ್ತಿ ಕೋವಿ ಹಿಡ್ಕೊಂಡು ಬರ್ಬೇಕು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನ ಇಳಿಸಿ ಬ್ರಿಟಿಷರು ಕೊಡಗು ತಗೊಂಡ ಮೇಲೂ ಈ ಪದ್ಧತಿ ಮುಂದುವರೀತು.

ಮನೆಗೆ ಹೋಗೋ ದಾರಿಗೆ ಓಣಿ ಅಂತಾರೆ. ಎರಡೂ ಕಡೆ ಎತ್ತರದ ಮಣ್ಣಿನ ದಂಡೆ, ಮಧ್ಯೆ ಇಬ್ಬರು ಕಷ್ಟಪಟ್ಟು ಪಕ್ಕಪಕ್ಕ ನಡೀಬಹುದಾದಷ್ಟು ಜಾಗ, ಮೇಲೆ ಮರಗಳು ಬಾಗಿ ಮಧ್ಯಾಹ್ನವೂ ಅರೆಗತ್ತಲೆ, ಮತ್ತೆ ಅದು ನೇರ ಹೋಗಲ್ಲ, ತಿರುಗಿ ತಿರುಗಿ ಹೋಗತ್ತೆ. ಶತ್ರು ಒಟ್ಟಿಗೆ ನುಗ್ಗಬಾರ್ದು, ಒಬ್ಬೊಬ್ಬನೇ ಬರ್ಬೇಕು, ಬರೋನು ಮನೆಯೋರಿಗೆ ಕಾಣ್ಬೇಕು ಆದ್ರೆ ಮನೆ ಅವನಿಗೆ ಕಾಣಬಾರ್ದು ಅನ್ನೋ ಲೆಕ್ಕ ಅದು. ಈಗ ಬಹಳ ಕಡೆ ಕಾರು ಹೋಗ್ಲಿ ಅಂತ ಓಣೀನ ಜೆಸಿಬಿ ತಂದು ಅಗಲ ಮಾಡಿಬಿಟ್ಟಿದಾರೆ, ಮನೆ ಎಷ್ಟೇ ಚೆನ್ನಾಗಿ ರಿಪೇರಿ ಆಗಿದ್ರೂ ಓಣಿ ಹೋದ್ರೆ ಅರ್ಧ ಮನೆ ಹೋದ ಹಾಗೆ ಅನ್ನೋದು ನನ್ನ ಅಭಿಪ್ರಾಯ. ಓಣಿ ಮುಗಿದ ತಕ್ಷಣ ಕಣ, ಭತ್ತ ಬಡಿಯೋ ಬಯಲು, ಅದರಾಚೆ ಮೆಟ್ಟಿಲು, ಮೆಟ್ಟಿಲು ಹತ್ತಿದ್ರೆ ಕೈಯಾಲೆ ಅಂದ್ರೆ ಉದ್ದದ ಜಗಲಿ.

ಇಲ್ಲಿ ಸ್ವಲ್ಪ ನಿಂತ್ಕೊಳ್ಳಿ. ಕೈಯಾಲೆಯ ಕಂಬಗಳು ಮರದ್ದು, ಕೆಳಗೆ ದಪ್ಪ, ಮೇಲೆ ಹೋಗ್ತಾ ಹೋಗ್ತಾ ಸಣ್ಣ, ಆ ಕಂಬಗಳ ಮಧ್ಯೆ ಕೂರೋ ಎತ್ತರಕ್ಕೆ ಕೂರಿಸಿರೋ ದಪ್ಪ ಹಲಗೇನೇ ಐಮರ. ಒಳ್ಳೇ ಐಮರ ಒಂದೇ ಮರದಿಂದ ಸೀಳಿ ತೆಗೆದದ್ದು, ಜೋಡಣೆ ಇರಲ್ಲ. ಕೈ ಇಟ್ಟು ನೋಡಿ, ಗಾಜಿನ ಥರ ನುಣುಪು, ಅದು ಪಾಲಿಶ್ ಅಲ್ಲ, ತಲೆತಲಾಂತರದಿಂದ ಕೂತು ಕೂತು ಸವೆದದ್ದು. ಆದ್ರೆ ಮೇಲೆ ಹೋಗಿ ಧೊಪ್ ಅಂತ ಕೂರ್ಬೇಡಿ! ಐಮರದಲ್ಲಿ ಯಾರು ಎಲ್ಲಿ ಕೂರ್ಬೇಕು ಅನ್ನೋದಕ್ಕೂ ಲೆಕ್ಕ ಇದೆ, ಹಿರಿಯರ ಜಾಗ ಅದು, ಊರಿನ ಜಗಳ, ಗದ್ದೆ ನೀರಿನ ತಕರಾರು, ಮದುವೆ ಮಾತುಕತೆ ಎಲ್ಲಾ ಇಲ್ಲೇ ಕೂತು ತೀರ್ಮಾನ ಆಗ್ತಿತ್ತು. ಕೂತ್ಕೊಳ್ಳಿ ಅಂತ ಹೇಳಿದ ಮೇಲೆ ಹೇಳಿದ ಜಾಗದಲ್ಲಿ ಕೂತ್ರೆ ಆಯ್ತು.

ಬಾಗಿಲು ದಾಟಿದ್ರೆ ನೆಲ್ಲಕ್ಕಿ ನಡುಬಾಡೆ, ಮನೆಯ ನಡುಮನೆ. ಅಲ್ಲಿ ತೂಗು ಹಾಕಿರೋ ದೀಪ ನೆಲ್ಲಕ್ಕಿ ಬೊಳ್‌ಚ, ಸಂಪ್ರದಾಯ ಪ್ರಕಾರ ಬೆಳಿಗ್ಗೆ ಸಂಜೆ ಹಚ್ಚಬೇಕು. ನೀವು ದೇವರ ಕೋಣೆ ಹುಡುಕ್ತೀರ, ಬೇರೆ ಕಡೆ ಇರೋ ಹಾಗೆ ಬೆಳ್ಳಿ ಮಂಟಪ, ಸಾಲು ಸಾಲು ವಿಗ್ರಹ ಅಂತ, ಸಾಂಪ್ರದಾಯಿಕ ಐನ್‌ಮನೇಲಿ ಅದು ಇರಲ್ಲ. ಈ ದೀಪದ ಮುಂದೇನೇ ಎಲ್ಲಾ ನಡೆಯೋದು, ಮಗುಗೆ ಹೆಸರಿಡೋದು, ಮದುವೆ ಮಾತು ಕೊಡೋದು, ದೊಡ್ಡ ಪ್ರಯಾಣಕ್ಕೆ ಹೊರಡೋನು ಕೈ ಮುಗಿಯೋದು. ನೈಋತ್ಯ ಮೂಲೇಲಿ ಕನ್ನಿಕೋಂಬರೆ ಅಂತ ಒಂದು ಕೋಣೆ, ಅದು ಕಾರಣರದ್ದು, ಅಂದ್ರೆ ಪೂರ್ವಜರದ್ದು. ಹಬ್ಬದ ದಿನ ಅಡುಗೆ ಆದ ಮೇಲೆ ಮೊದಲು ಅವರಿಗೆ ಬಾಳೆ ಎಲೇಲಿ ಇಡ್ತಾರೆ, ಇದಕ್ಕೆ ಮೀದಿ ಅಂತಾರೆ, ಅನ್ನ, ಕಡಂಬುಟ್ಟು ಅನ್ನೋ ಅಕ್ಕಿ ಕಡುಬು, ಕೋಳಿ, ಪಂದಿ ಕರಿ, ಜೊತೆಗೆ ಮದ್ಯ. ಹೌದು, ಮದ್ಯಾನೂ. ಬಯಲುಸೀಮೆಯ ನನ್ನಂಥ ಸಸ್ಯಾಹಾರಿ ಮನೆಯಿಂದ ಬಂದೋರಿಗೆ ದೇವರ ಮುಂದೆ ಹಂದಿ ಮಾಂಸ ಮತ್ತೆ ಬ್ರಾಂದಿ ಅಂದ್ರೆ ಒಂದು ಕ್ಷಣ ಕಕ್ಕಾಬಿಕ್ಕಿ ಆಗತ್ತೆ, ಆದ್ರೆ ಯೋಚನೆ ಮಾಡಿ, ಅದು ದೇವರಿಗಲ್ಲ, ತಾತನಿಗೆ, ತಾತ ಬದುಕಿದ್ದಾಗ ಏನು ತಿಂತಿದ್ನೋ ಅದನ್ನೇ ಇಡೋದು. ಮನೆ ಪಕ್ಕದಲ್ಲಿ ಸಣ್ಣ ಗುಡಿ ಥರ ಇರೋದು ಕೈಮಡ, ಗುರುಕಾರಣನ ಜಾಗ, ಒಕ್ಕದ ದೇವಸ್ಥಾನ ಅಂತ ಬೇಕಾದ್ರೆ ಅದನ್ನ ಕರೀಬಹುದು.

ಒಕ್ಕಕ್ಕೆ ಒಬ್ಬರು ಸೇರೋದು, ಬಿಡೋದು ಅಂದ್ರೆ ಏನು ಅಂತ ಗೊತ್ತಾಗ್ಬೇಕಾದ್ರೆ ಮದುವೆಯ ಸಂಬಂಧ ಅಡ್‌ಕುವ ಅನ್ನೋ ಶಾಸ್ತ್ರ ನೋಡ್ಬೇಕು. ಕೊಡವ ಮದುವೇಲಿ ಬ್ರಾಹ್ಮಣ ಪುರೋಹಿತ ಇಲ್ಲ, ಹೋಮ ಇಲ್ಲ, ಸಪ್ತಪದಿ ಇಲ್ಲ. ಪ್ರತಿ ಒಕ್ಕಕ್ಕೂ ಅರುವ ಅಂತ ಇರ್ತಾರೆ, ಬೇರೆ ಒಕ್ಕದೋರು, ತಲೆಮಾರುಗಳಿಂದ ಈ ಮನೆ ಪರವಾಗಿ ಮಾತಾಡೋಕೆ ಸಾಕ್ಷಿ ನಿಲ್ಲೋಕೆ ನೇಮಕ ಆದೋರು. ಗಂಡಿನ ಕಡೆ ಅರುವ, ಹೆಣ್ಣಿನ ಕಡೆ ಅರುವ ಎದುರು ಬದುರು ನಿಂತು ಪ್ರಶ್ನೆ ಉತ್ತರದ ಥರ ಮಾತಾಡ್ತಾರೆ, ಹೆಣ್ಣಿಗೆ ಗಂಡನ ಮನೇಲಿ ಗದ್ದೆ, ಬಾಣೆ, ದನ, ಚಿನ್ನ ಎಲ್ಲದರಲ್ಲೂ ಹಕ್ಕಿದೆಯಾ ಅಂತ ಹೆಣ್ಣಿನ ಕಡೆಯೋರು ಕೇಳೋದು, ಇದೆ ಅಂತ ಗಂಡಿನ ಕಡೆಯೋರು ಒಪ್ಪೋದು. ಕೊನೇಗೆ ಹನ್ನೆರಡು ಕಲ್ಲಿನ ಚೂರಲ್ಲಿ ಹನ್ನೊಂದನ್ನ ಗಂಡಿನ ಕಡೆಗೆ ಕೊಟ್ಟು ಒಂದನ್ನ ಹೆಣ್ಣಿನ ಕಡೆ ಅರುವ ತನ್ನ ಹತ್ರಾನೇ ಉಳಿಸ್ಕೋತಾನೆ. ಆ ಒಂದು ಕಲ್ಲು ಏನಂದ್ರೆ, ನಾಳೆ ಅವಳಿಗೆ ಅಲ್ಲಿ ಬಾಳೋಕೆ ಆಗದೆ ಹೋದ್ರೆ ವಾಪಸ್ ಬರೋಕೆ ತವರಲ್ಲಿ ಅವಳಿಗೆ ಜಾಗ ಇದೆ ಅಂತ. ಇಷ್ಟು ದೊಡ್ಡ ಕಾನೂನನ್ನ ಇಷ್ಟು ಸಣ್ಣ ಕಲ್ಲಲ್ಲಿ ಇಟ್ಟಿದಾರಲ್ಲ ಅಂತ ನನಗೆ ಪ್ರತಿ ಸಲ ಅನ್ಸತ್ತೆ. ಗಂಡುಮಕ್ಕಳಿಲ್ಲದೆ ಒಕ್ಕ ಅಳಿಸಿಹೋಗೋ ಹಾಗಾದ್ರೆ ಅದಕ್ಕೂ ದಾರಿ ಇದೆ, ಒಕ್ಕ ಪರಿಜೆ ಅಂತ, ಅಳಿಯನೇ ಹೆಣ್ಣಿನ ಮನೆಗೆ ಬಂದು ಆ ಒಕ್ಕದ ಹೆಸರು ಉಳಿಸೋದು.

ಇನ್ನು ವರ್ಷದ ಲೆಕ್ಕ. ಐನ್‌ಮನೆ ವರ್ಷವಿಡೀ ಸುಮ್ಮನೆ ಇರತ್ತೆ, ಕೆಲವು ದಿನ ಮಾತ್ರ ಎದ್ದು ಕೂರತ್ತೆ. ಆಗಸ್ಟ್ 3ರ ಹೊತ್ತಿಗೆ ಕಕ್ಕಡ 18, ಅಂದ್ರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮಳೆ ಹೊಡೀತಿರತ್ತೆ, ಮದ್ದ್ ತೊಪ್ಪು ಅನ್ನೋ ಕಾಡುಸೊಪ್ಪಿನ ರಸ ತೆಗೆದು ನೇರಳೆ ಬಣ್ಣದ ಪಾಯಸ ಮಾಡ್ತಾರೆ, ಮಾರನೇ ದಿನ ಮೂತ್ರ ಕೆಂಪಗಾದ್ರೆ ಗಾಬರಿ ಬೀಳ್ಬೇಡಿ, ಅದು ಸೊಪ್ಪಿನ ಬಣ್ಣ ಅಷ್ಟೆ. ಸೆಪ್ಟೆಂಬರ್ ಶುರುವಲ್ಲಿ ಕೈಲ್‌ಪೊಳ್ದ್, ನಾಟಿ ಕೆಲಸ ಮುಗಿದಿರತ್ತೆ, ಅಲ್ಲಿವರೆಗೆ ಮುಟ್ಟದೆ ಇಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲಾ ಹೊರಗೆ ತೆಗೆದು ತೊಳೆದು ತೋಕ್ ಪೂ ಅನ್ನೋ ಹೂವಿಟ್ಟು ಪೂಜೆ, ಆಮೇಲೆ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಪೈಪೋಟಿ. ಅಕ್ಟೋಬರ್ ಮಧ್ಯದಲ್ಲಿ ತುಲಾ ಸಂಕ್ರಮಣ, ತಲಕಾವೇರೀಲಿ ತೀರ್ಥೋದ್ಭವ, ಮನೇಲಿ ತೆಂಗಿನಕಾಯಿ ಅಥವಾ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ ಒಡವೆ ಹಾಕಿ ಕಾವೇರಮ್ಮ ಅಂತ ಕೂರಿಸೋದು.

ಆದ್ರೆ ಐನ್‌ಮನೆ ಅಂದ್ರೆ ಏನು ಅಂತ ಅರ್ಥ ಆಗ್ಬೇಕಾದ್ರೆ ಪುತ್ತರಿಗೇ ಹೋಗ್ಬೇಕು, ಬೇರೆಯವರು ಹುತ್ತರಿ ಅನ್ನೋದು ಇದನ್ನೇ. ನವೆಂಬರ್ ಡಿಸೆಂಬರ್‌ನಲ್ಲಿ ಹುಣ್ಣಿಮೆ ಆಸುಪಾಸು ಬರೋ ಸುಗ್ಗಿ ಹಬ್ಬ. ದಿನ, ಗಳಿಗೆ ನಿಗದಿ ಆಗೋದು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ, ನೆರೆ ಕಟ್ಟೋಕೆ ಇಷ್ಟು ಗಂಟೆ, ಕದಿರು ತೆಗೆಯೋಕೆ ಇಷ್ಟು, ಊಟಕ್ಕೆ ಇಷ್ಟು ಅಂತ ನಿಮಿಷದ ಸಮೇತ ಪೇಪರಲ್ಲಿ ಬರತ್ತೆ. ಬೆಂಗಳೂರಿಂದ, ಮೈಸೂರಿಂದ, ರಜೆ ಸಿಕ್ಕಿದ್ರೆ ಆರ್ಮಿಯಿಂದ ಒಕ್ಕದೋರು ಐನ್‌ಮನೆಗೆ ಬಂದು ಸೇರ್ತಾರೆ, ಗಂಡಸರು ಕುಪ್ಯಚೇಲೆ ಅನ್ನೋ ಸಾಂಪ್ರದಾಯಿಕ ಉಡುಪು ಹಾಕ್ಕೊಂಡು. ನೆಲ್ಲಕ್ಕಿ ನಡುಬಾಡೇಲಿ ದೀಪದ ಮುಂದೆ ಕೂತು ಅರಳಿ, ಮಾವು ಸೇರಿ ಐದು ಥರದ ಎಲೆಗಳನ್ನ ನಾರಲ್ಲಿ ಕಟ್ಟೋದೇ ನೆರೆ ಕಟ್ಟೋದು. ಆಮೇಲೆ ರಾತ್ರೀಲಿ ದೀಪ ಮುಂದೆ, ದುಡಿ ಬಾರಿಸ್ಕೊಂಡು ಹಾಡೋರು ಅದರ ಜೊತೆ, ಹಿಂದೆ ಕುಕ್ಕೆ, ಕುಡುಗೋಲು ಹಿಡಿದೋರು, ಹೆಂಗಸರು, ಮಕ್ಕಳು ಎಲ್ಲಾ ಸಾಲಾಗಿ ಗದ್ದೆಗೆ ಇಳೀತಾರೆ. ಗದ್ದೇಲಿ ಆಕಾಶಕ್ಕೆ ಒಂದು ಗುಂಡು ಹಾರ್ತಿದ್ದ ಹಾಗೆ ಕದಿರಿಗೆ ಕುಡುಗೋಲು ಬೀಳತ್ತೆ, ಎಲ್ಲರೂ ಒಟ್ಟಿಗೆ ಪೊಲಿ ಪೊಲಿ ದೇವಾ ಅಂತ ಕೂಗ್ತಾರೆ, ಹೆಚ್ಚಲಿ ಹೆಚ್ಚಲಿ ಅಂತ. ಅದೇ ಹೊತ್ತಿಗೆ ಕಣಿವೆಯ ಆ ಕಡೆ ಮನೆಯವರ ಗುಂಡು, ಅದರಾಚೆ ಇನ್ನೊಂದು, ಹೀಗೆ ಊರೂರೇ ಗುಡುಗತ್ತೆ. ಕದಿರು ತಂದು ಬಾಗಿಲಿಗೆ, ಕಂಬಕ್ಕೆ, ಕಣಜಕ್ಕೆ ಕಟ್ಟಿ, ಹೊಸ ಅಕ್ಕಿ ಪಾಯಸ, ಬಾಳೆಹಣ್ಣು ಹಿಸುಕಿ ಹುರಿದ ಅಕ್ಕಿಹಿಟ್ಟು ಕಲಸಿದ ತಂಬಿಟ್ಟು, ಪುತ್ತರಿ ಗೆಣಸು. ಕಿರಿಯರು ಹಿರಿಯರ ಕಾಲು ಮುಟ್ಟೋದು, ಹಿರಿಯರು ಬಾಯಿ ತುಂಬಾ ಹರಸೋದು, ಆಮೇಲಿನ ದಿನಗಳಲ್ಲಿ ಊರ ಮಂದ್‌ನಲ್ಲಿ, ಅಂದ್ರೆ ಊರೋರು ಸೇರೋ ಬಯಲಲ್ಲಿ, ಕೋಲಾಟ.

ಆ ಗುಂಡಿನ ಸದ್ದಿನ ಬಗ್ಗೆ ಹೇಳ್ಬೇಕು, ಯಾಕಂದ್ರೆ ಹೊರಗಿನೋರಿಗೆ ಇದೇ ದೊಡ್ಡ ಕುತೂಹಲ. ಕೋವಿ ಇಲ್ಲಿ ಬೇಟೆ ಸಾಮಾನು ಮಾತ್ರ ಅಲ್ಲ, ಹಿಂದೆ ಸುದ್ದಿ ಮುಟ್ಟಿಸೋ ಸಾಧನವೂ ಹೌದು, ಗಂಡು ಮಗು ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು. ಆಯುಧ ಕಾಯ್ದೆಯ ಲೈಸೆನ್ಸ್ ನಿಯಮದಿಂದ ಕೊಡವರಿಗೂ ಜಮ್ಮ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸ್ತು, ಒಂದು ಜನಾಂಗಕ್ಕೆ ಮಾತ್ರ ಯಾಕೆ ಅಂತ ಪ್ರಶ್ನೆ ಮಾಡಿದ ಅರ್ಜಿ ಬಂದಾಗ 2021ರಲ್ಲಿ ಕರ್ನಾಟಕ ಹೈಕೋರ್ಟ್ ಆ ವಿನಾಯಿತೀನ ಎತ್ತಿ ಹಿಡೀತು. ಯಾರು ಬೇಕಾದ್ರೂ ಎಷ್ಟು ಬೇಕಾದ್ರೂ ಅನ್ನೋ ಹಾಗೆ ಏನಿಲ್ಲ, ಯಾವ ಥರದ ಕೋವಿ ಅಂತ ಮಿತಿ ಇದೆ, ವಿನಾಯಿತಿ ಪತ್ರ ಬೇಕು.

ಒಕ್ಕದೋರೇ ಎಲ್ಲಾ ಮಾಡ್ಕೊಳ್ಳೋ ಹಬ್ಬ ಅಂತ ಮೇಲ್ನೋಟಕ್ಕೆ ಅನ್ಸತ್ತೆ, ಹಾಗಿಲ್ಲ. ಕಾರಣಂಗ್ ಕೊಡ್‌ಪ ಅಂತ ಒಂದಿದೆ, ಕಾರಣರಿಗೆ ಬಡಿಸೋ ದಿನ, ಕೆಲವು ಒಕ್ಕಗಳು ವರ್ಷಕ್ಕೊಮ್ಮೆ ಮಾಡ್ತಾರೆ, ಕೆಲವರು ಕೆಲವು ವರ್ಷಕ್ಕೊಮ್ಮೆ, ಅವತ್ತು ಕಾರಣನ ತೆರೆ ಕಟ್ಟೋ, ಅಂದ್ರೆ ಆ ಹಿರಿಯನ ವೇಷ ಹಾಕೋ ಕಲಾವಿದ ಬೇರೆ ಸಮುದಾಯದೋನು. ಅವನ ಮೈಮೇಲೆ ಬಂದ ಹಿರಿಯ ಒಕ್ಕದೋರನ್ನ ಹೆಸರು ಹಿಡಿದು ಕರೆದು ಬೈತಾನೆ, ಯಾಕೆ ಮನೆ ದೀಪ ಹಚ್ತಿಲ್ಲ, ಅಣ್ಣ ತಮ್ಮ ಯಾಕೆ ಮಾತು ಬಿಟ್ಟಿದೀರಿ ಅಂತ, ದೊಡ್ಡ ದೊಡ್ಡ ಆಫೀಸರುಗಳು ಕೈ ಕಟ್ಟಿ ನಿಂತು ಕೇಳಿಸ್ಕೋತಾರೆ. ಊರ ದೇವಸ್ಥಾನದ ಹಬ್ಬದಲ್ಲೂ ಹಾಗೇ, ತಕ್ಕ ಅಂದ್ರೆ ಮುಖ್ಯಸ್ಥನ ಮನೆತನ ಯಾವುದು, ಓಲಗ ಯಾರದ್ದು, ಕೆಲಸಗಳೆಲ್ಲಾ ಮನೆ ಮನೆಗೆ ಹಂಚಿರತ್ತೆ. ಮತ್ತೆ ಒಂದು ಮಾತು ಬಿಟ್ಟು ಹೋದ್ರೆ ಈ ಚಿತ್ರ ಸುಳ್ಳಾಗತ್ತೆ: ಈ ದೊಡ್ಡ ಮನೆಗಳ ಕಣಜ ತುಂಬಿದ್ದು ಯರವರು, ಹೊಲೆಯರ ದುಡಿಮೆಯಿಂದ, ಜೀತ ಇತ್ತು, ತಲೆತಲಾಂತರ ಇತ್ತು. ಐಮರದ ಮೇಲೆ ಕೂತೋರ ಹೆಸರು ಹಾಡಲ್ಲಿ ಉಳಿದಿದೆ, ಗದ್ದೇಲಿ ಬಗ್ಗಿದೋರ ಹೆಸರು ಹೆಚ್ಚು ಉಳಿದಿಲ್ಲ. ಗೈಡುಗಳು ಇದನ್ನ ಹೇಳಲ್ಲ.

ಹಾಗಾದ್ರೆ ಇಷ್ಟೆಲ್ಲಾ ಇರೋ ಮನೆಗಳಲ್ಲಿ ಎಷ್ಟೋ ಮನೆಗೆ ಈಗ ಬೀಗ ಬಿದ್ದಿದೆ, ಯಾಕೆ? ಮುಖ್ಯ ಕಾರಣ ಕಾಫಿ. 1854ರಲ್ಲಿ ಮಡಿಕೇರಿ ಹತ್ರ ಯುರೋಪಿಯನ್ನರ ಮೊದಲ ತೋಟ ಶುರು ಆಯ್ತು, ಆಮೇಲೆ ಸ್ಥಳೀಯರೂ ಬಾಣೇಲಿ ಕಾಫಿ ಹಾಕಿದ್ರು. ಭತ್ತಕ್ಕೆ ಎಲ್ಲರೂ ಒಟ್ಟಿಗೆ ಇರ್ಬೇಕು, ನಾಟಿ ಕೊಯ್ಲು ಅಂದ್ರೆ ಕೈ ಜಾಸ್ತಿ ಬೇಕು, ಕಾಫಿಗೆ ತೋಟದ ಪಕ್ಕ ಒಬ್ಬೊಬ್ಬರದೇ ಮನೆ ಇದ್ರೆ ಅನುಕೂಲ, ದುಡ್ಡೂ ಬೇರೆ ಬೇರೆ ಜೇಬಿಗೆ ಬರತ್ತೆ. ಜೊತೆಗೆ ಮಿಲಿಟರಿ, ಇಂಗ್ಲಿಷ್ ಓದು, ಸರ್ಕಾರಿ ಕೆಲಸ. ಹತ್ತಾರು ಜನ ಒಂದೇ ಒಲೇಲಿ ಉಣ್ತಿದ್ದ ಮನೇಲಿ ಈಗ ಒಬ್ಬ ವಯಸ್ಸಾದ ದೊಡ್ಡಪ್ಪ, ಇಲ್ಲಾ ಅವರೂ ಇಲ್ಲ, ದೀಪ ಹಚ್ಚೋಕೆ ಒಬ್ಬರನ್ನ ಇಟ್ಟಿರ್ತಾರೆ. ಭೂಮಿ ದಾಖಲೆಯ ತಲೆನೋವು ಬೇರೆ, ಜಮ್ಮ ಜಾಗದ ಆರ್‌ಟಿಸಿಯಲ್ಲಿ ಎಷ್ಟೋ ಕಡೆ ಯಾವತ್ತೋ ತೀರಿಕೊಂಡ ಪಟ್ಟೆದಾರನ ಹೆಸರೇ ನಿಂತಿರತ್ತೆ, ಈಗ ಉಳೋನು ಬ್ಯಾಂಕ್ ಲೋನ್ ಕೇಳೋಕೆ ಹೋದ್ರೆ ಕಾಗದ ಒಪ್ಪಲ್ಲ.

ಮಜಾ ಏನಂದ್ರೆ ಖಾಲಿ ಆಗ್ತಿದ್ದ ಒಕ್ಕಗಳನ್ನ ಮತ್ತೆ ಒಟ್ಟು ಮಾಡಿದ್ದರಲ್ಲಿ ಹಾಕಿಗೆ ದೊಡ್ಡ ಪಾಲಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ ಟೀಮ್ ಅಂದ್ರೆ ಒಕ್ಕ, ಬೇರೆ ಯಾರನ್ನೂ ಸೇರಿಸ್ಕೊಳ್ಳೋ ಹಾಗಿಲ್ಲ, ಮೊದಲ ವರ್ಷ 60 ಒಕ್ಕ ಇದ್ದದ್ದು 2024ರಲ್ಲಿ ಕುಂಡ್ಯೋಳಂಡ ಒಕ್ಕ ನಾಪೋಕ್ಲಲ್ಲಿ ನಡೆಸಿದಾಗ 360 ಆಗಿತ್ತು, ಗಿನ್ನೆಸ್ ದಾಖಲೇನೂ ಆಯ್ತು. ಹನ್ನೊಂದು ಜನ ಬೇಕಲ್ಲ, ಅದಕ್ಕೆ ಎಲ್ಲೆಲ್ಲೋ ಇರೋ ದಾಯಾದಿಗಳಿಗೆಲ್ಲ ಫೋನ್ ಹೋಗತ್ತೆ, ಅಜ್ಜಂದಿರು ಗೋಲ್‌ಕೀಪರ್ ಆಗ್ತಾರೆ, ಹೆಣ್ಣುಮಕ್ಕಳು ಫಾರ್ವರ್ಡ್ ಆಡ್ತಾರೆ, ಆಟಕ್ಕೆ ಅಂತ ಬಂದೋರು ಹೋಗೋ ಮುಂಚೆ ಐನ್‌ಮನೆಗೆ ಹೋಗಿ ಕೈ ಮುಗಿದು ಹೋಗ್ತಾರೆ.

ನೀವು ಹೋಗೋದಾದ್ರೆ, ಒಕ್ಕದ ಯಾರಾದ್ರೂ ಒಬ್ಬರ ಜೊತೇಲಿ ಹೋಗಿ, ಟಿಕೆಟ್ ಕೊಟ್ಟು ನೋಡೋ ಜಾಗ ಅಲ್ಲ ಅದು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಿ, ಕಿಂಡೀಲಿ, ಅಂದ್ರೆ ಕೊಳವೆ ಬಾಯಿಯ ಚೊಂಬಲ್ಲಿ, ನೀರಿಟ್ಟಿದ್ರೆ ಕಾಲು ತೊಳೀರಿ, ಒಳಗೆ ಹೋದ ಮೇಲೆ ದೀಪಕ್ಕೆ ಒಂದು ನಮಸ್ಕಾರ. ಕೈಯಾಲೆ, ಕಂಬ, ಬಾಗಿಲ ಕೆತ್ತನೆ ಫೋಟೋ ತೆಗೆಯೋಕೆ ಸಾಮಾನ್ಯವಾಗಿ ಯಾರೂ ಬೇಡ ಅನ್ನಲ್ಲ, ಕನ್ನಿಕೋಂಬರೆ, ಕೈಮಡ ಮಾತ್ರ ಕೇಳದೆ ತೆಗೀಬೇಡಿ. ಊಟಕ್ಕೆ ಕರೆದ್ರೆ ಮಾಂಸ ತಿನ್ನಲ್ಲ ಅಂತ ಮೊದಲೇ ಹೇಳಿಬಿಡಿ, ನೂಲ್‌ಪುಟ್ಟು ಅಂದ್ರೆ ಅಕ್ಕಿ ಶಾವಿಗೆ ಜೊತೆ ಬೇರೆ ಏನಾದ್ರೂ ಮಾಡ್ತಾರೆ, ತಟ್ಟೆ ಮುಂದೆ ಕೂತು ಮುಖ ಸಿಂಡರಿಸೋದು ಬೇಡ.

ಹೋದಾಗ ರಿಪೇರಿ ವಿಷಯ ಎತ್ತಿ ನೋಡಿ, ಮಾತು ಅಲ್ಲಿಂದ ಶುರು ಆಗತ್ತೆ. ಹೆಂಚು ಸೋರ್ತಿದೆ, ಶೀಟ್ ಹಾಕಿಬಿಡೋಣ ಅನ್ನೋರು ಒಂದು ಕಡೆ, ಹಳೇ ಹೆಂಚೇ ಬೇಕು ಅನ್ನೋರು ಇನ್ನೊಂದು ಕಡೆ, ಗೆದ್ದಲು ಹಿಡಿದ ಕಂಬ ತೆಗೆದು ಸಿಮೆಂಟ್ ನಿಲ್ಲಿಸೋಣ ಅಂತ ಅಮೆರಿಕಾದಲ್ಲಿರೋನ ವಾಟ್ಸಾಪ್ ಮೆಸೇಜ್, ದುಡ್ಡು ಯಾರು ಎಷ್ಟು ಹಾಕ್ಬೇಕು, ಮನೆ ತುಂಬಾ ಜನ ಇರೋ ಶಾಖೆ ಜಾಸ್ತಿ ಕೊಡ್ಬೇಕಾ ಇಲ್ಲಾ ದುಡ್ಡಿರೋರು ಕೊಡ್ಬೇಕಾ ಅಂತ ವಾದ. ಯಾರೊಬ್ಬರದ್ದೂ ಅಲ್ಲದ ಮನೆ ಆದ್ರಿಂದ ಪ್ರತಿ ಹೆಂಚಿಗೂ ಎಲ್ಲರ ಒಪ್ಪಿಗೆ ಬೇಕು, ಅದಕ್ಕೇ ಕೆಲವು ಮನೆ ಬಿದ್ದೂ ಹೋಗಿದೆ, ಮಾರಾಟಕ್ಕೆ ಹೋಗದೆ ಇಷ್ಟು ಕಾಲ ಉಳಿದದ್ದೂ ಅದಕ್ಕೇ.